ಹೊಳೆಗಲ್ಲಿನ ಗಾಜಿನ ಭರಣಿ

ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಯಲ್ಲಿ ಕಾವೇರಿಗೆ ಇಳಿದವರಲ್ಲಿ ಒಮ್ಮೆಯಾದರೂ ಕಾಲು ಜಾರದವರು ವಿರಳ. ಮೆಟ್ಟಿಲು ಮುಗಿದು ನೀರಿನೊಳಗಣ ಬಂಡೆಯ ಮೇಲೆ ಪಾದವೂರಿದೊಡನೆ ಎಣ್ಣೆ ಸವರಿದ ಹಲಗೆಯ ಮೇಲೆ ನಿಂತಂತಾಗುತ್ತದೆ. "ಪಾಚಿ ಕಟ್ಟಿದೆ, ಜೋಕೆ" ಎಂದು ದಡದ ಮೇಲಿನವರು ಕೂಗುತ್ತಾರೆ. ಆ ಕಲ್ಲನ್ನು ಬೆರಳಿನಿಂದ ಸವರಿ ನೋಡಿದರೆ ಹಸುರಿಗಿಂತ ಹೆಚ್ಚಾಗಿ ಅಂಟುವುದು ಚಹದ ಚರಟದ ಬಣ್ಣದ, ಕಂದು ಲೋಳೆ. ಈ ಹೊತ್ತು ನಾನು ಮಾತನಾಡಬೇಕೆಂದಿರುವುದು ಆ ಲೋಳೆಯ ವಿಚಾರ. ಇನ್ನೂ ಖಚಿತವಾಗಿ ಹೇಳುವುದಾದರೆ, ಅದರೊಳಗೆ ವಾಸಿಸುವ ಒಂದು ಜೀವಿಯನ್ನು ಕಂಡು "ಇದು ಇದುವರೆಗೆ ಯಾರೂ ಹೆಸರಿಡದ ಪ್ರಭೇದ" ಎಂದು ಹೇಳುವ ಅಧಿಕಾರ ಒಬ್ಬ ವಿಜ್ಞಾನಿಗೆ ಯಾವಾಗ ಬರುತ್ತದೆ ಎಂಬ ವಿಚಾರ.

ಆ ಜೀವಿಯ ಹೆಸರು ಡಯಾಟಮ್. ಒಂದೇ ಜೀವಕೋಶದ ಶೈವಲ ಅದು. ಸಮುದ್ರದಲ್ಲಿ, ಹೊಳೆಯಲ್ಲಿ, ಕೆರೆಯಲ್ಲಿ, ಒದ್ದೆಯಾದ ಗೋಡೆಯ ಮೇಲೆ, ಎಲ್ಲೆಲ್ಲಿ ಬೆಳಕೂ ತೇವವೂ ಕೂಡಿವೆಯೋ ಅಲ್ಲೆಲ್ಲ ಉಂಟು. ಸಸ್ಯದಂತೆ ಬಿಸಿಲಿನಲ್ಲಿ ಆಹಾರ ತಯಾರಿಸಿಕೊಳ್ಳುತ್ತದೆ. ಪತ್ರಹರಿತ್ತಿನ ಜೊತೆಗೆ ಫ್ಯೂಕೊಕ್ಸಾಂಥಿನ್ ಎಂಬ ವರ್ಣದ್ರವ್ಯವೂ ಇರುವುದರಿಂದ ಬಣ್ಣ ಕಂದು. ಭೂಮಿಯ ಮೇಲೆ ನಡೆಯುವ ಒಟ್ಟು ದ್ಯುತಿಸಂಶ್ಲೇಷಣೆಯಲ್ಲಿ ಐದನೆಯ ಒಂದು ಪಾಲು ಡಯಾಟಮ್‌ಗಳದೆಂದು ಅಂದಾಜು. ಇಷ್ಟು ದೊಡ್ಡ ಕೆಲಸ ಮಾಡುವ ಈ ಜೀವಿಗೆ ನಮ್ಮ ಜನಪದದಲ್ಲಿ ಒಂದು ಹೆಸರಿಲ್ಲ. ಪಾಚಿ, ಹಾವಸೆ, ಲೋಳೆ ಎಂಬ ಮಾತುಗಳೊಳಗೆ ಅದೂ ಸೇರಿಹೋಗಿದೆ. ಕಣ್ಣಿಗೆ ಕಾಣದ್ದಕ್ಕೆ ಹೆಸರಿಡಲಿಲ್ಲವೆಂದು ಹಿರಿಯರನ್ನು ದೂರುವಂತಿಲ್ಲ.

ಈ ವಿಷಯದಲ್ಲಿ ನನ್ನದೇ ಒಂದು ತಪ್ಪನ್ನು ಮೊದಲು ಒಪ್ಪಿಕೊಂಡು ಮುಂದುವರಿಯುವುದು ಲೇಸು. ಸಸ್ಯಶಾಸ್ತ್ರದ ಅಧ್ಯಾಪಕನಾಗಿದ್ದಾಗ ಪ್ರತಿ ವರ್ಷ ವಿದ್ಯಾರ್ಥಿಗಳಿಗೆ ತಮ್ಮ ತಮ್ಮ ಊರಿನ ನೀರನ್ನು ಸೀಸೆಯಲ್ಲಿ ತರಲು ಹೇಳುತ್ತಿದ್ದೆ. ಹೆಚ್ಚಿನವರು ನಾಲ್ಕು ತಾಲ್ಲೂಕುಗಳ ಮಕ್ಕಳು. ಶ್ರೀರಂಗಪಟ್ಟಣದವರು ಕಾವೇರಿಯನ್ನು ತರುತ್ತಿದ್ದರು. ಪಾಂಡವಪುರದವರು ತೊಣ್ಣೂರು ಕೆರೆಯನ್ನೋ ನಾಲೆಯ ನೀರನ್ನೋ ತರುತ್ತಿದ್ದರು. ಕೃಷ್ಣರಾಜಪೇಟೆಯವರ ಸೀಸೆಯಲ್ಲಿ ಹೇಮಾವತಿ. ನಾಗಮಂಗಲದವರದು ಮಾತ್ರ ಮಳೆಯನ್ನೇ ನಂಬಿದ ಕೆರೆಕುಂಟೆಗಳ ನೀರು. ಮೇಜಿನ ಮೇಲೆ ಸಾಲಾಗಿಟ್ಟರೆ ಆ ಸೀಸೆಗಳ ನಡುವಿನ ವ್ಯತ್ಯಾಸ ಬರಿಗಣ್ಣಿಗೇ ತಿಳಿಯುತ್ತಿತ್ತು. ಗೊಬ್ಬರ ಉಂಡ ಗದ್ದೆಯ ಬಸಿನೀರು ಬೇರೆ, ಬಂಡೆಯ ಮೇಲೆ ಬಿದ್ದು ಕೊಳ ಸೇರಿದ ಮಳೆನೀರು ಬೇರೆ. ಆದರೆ ನನ್ನ ದಾಖಲೆ ಪುಸ್ತಕದಲ್ಲಿ ನಾಲ್ಕರ ಮುಂದೆಯೂ ಒಂದು ಹೆಸರು ತಪ್ಪದೆ ಬರುತ್ತಿತ್ತು: ನಿಟ್ಜ್‌ಶಿಯಾ ಪೇಲಿಯಾ. ತೆಳ್ಳಗೆ, ದೋಣಿಯಾಕಾರವಾಗಿ, ತುದಿ ಚೂಪಾಗಿ ಕಂಡದ್ದೆಲ್ಲ ನನಗೆ ಪೇಲಿಯಾ. ಯೂರೋಪಿನಲ್ಲಿ ಅಚ್ಚಾದ ಕೈಪಿಡಿ ಹಾಗೆ ಹೇಳುತ್ತಿತ್ತು. ಪೇಲಿಯಾ ಕೊಳಕು ನೀರನ್ನು ಸಹಿಸುವ ಜೀವಿ, ಅದು ಹೆಚ್ಚಾಗಿದ್ದರೆ ನೀರು ಕಲುಷಿತವೆಂದು ತಿಳಿಯಬೇಕು ಎಂಬುದೂ ಅದೇ ಕೈಪಿಡಿಯ ಮಾತು.

ಒಂದು ವರ್ಷ ನಾಗಮಂಗಲದ ಕಡೆಯ ಹುಡುಗನೊಬ್ಬ ತನ್ನೂರಿನ ಕಲ್ಲುಕಟ್ಟಡದ ಕೊಳದಿಂದ ನೀರು ತಂದಿದ್ದ. ಅದರಲ್ಲಿಯೂ ಪೇಲಿಯಾ ಹೇರಳವೆಂದು ಬರೆದೆ. ಪಕ್ಕದಲ್ಲಿ "ಕಲುಷಿತ" ಎಂಬ ಷರಾ ಹಾಕಿದೆ. ಹುಡುಗ ಅದನ್ನು ಊರಿನಲ್ಲಿ ಹೇಳಿದ. ಮುಂದೊಮ್ಮೆ ಆ ಊರಿಗೆ ಹೋದಾಗ ಅವನ ತಾತ ನನ್ನನ್ನು ಕೊಳದ ಬಳಿಗೇ ಕರೆದೊಯ್ದು, ಒಂದು ಬೊಗಸೆ ಎತ್ತಿ ಕುಡಿದು, "ನಮ್ಮಪ್ಪನ ಕಾಲದಿಂದ ಇದನ್ನೇ ಕುಡೀತಿವಿ ಮೇಷ್ಟ್ರೇ. ಕೆಟ್ಟೋಗೈತೆ ಅಂತ ಯಾವ ಲೆಕ್ಕದಾಗೆ ಬರೆದ್ರಿ?" ಎಂದು ಕೇಳಿದರು. ಯಾವ ಲೆಕ್ಕದಲ್ಲಿ ಬರೆದೆನೆಂಬುದಕ್ಕೆ ನನ್ನಲ್ಲಿದ್ದ ಉತ್ತರ ಕೈಪಿಡಿಯ ಒಂದು ಚಿತ್ರ ಮಾತ್ರ. ಅದನ್ನು ಅವರ ಮುಂದೆ ಹೇಳುವ ಧೈರ್ಯ ಬರಲಿಲ್ಲ.

ಆ ಪ್ರಶ್ನೆಗೆ ಸರಿಯಾದ ಉತ್ತರ ಕೊಡಲು ಏನೇನು ಬೇಕಿತ್ತೆಂದು ಈಗ ಹೇಳುತ್ತೇನೆ.

ಡಯಾಟಮ್ ತನ್ನ ಸುತ್ತ ಸಿಲಿಕಾದ, ಅಂದರೆ ಗಾಜಿನ ಸ್ವಭಾವದ ಒಂದು ಕವಚವನ್ನು ಕಟ್ಟಿಕೊಳ್ಳುತ್ತದೆ. ಕವಚ ಎರಡು ಭಾಗದ್ದು. ನಮ್ಮ ಮನೆಗಳಲ್ಲಿನ ಕುಂಕುಮದ ಭರಣಿಯನ್ನು ನೆನೆಸಿಕೊಳ್ಳಿ: ಬುಡ ಚಿಕ್ಕದು, ಮುಚ್ಚಳ ಒಂದಿಷ್ಟು ದೊಡ್ಡದು, ಅದರ ಅಂಚು ಬುಡದ ಅಂಚಿನ ಮೇಲೆ ಕೂರುತ್ತದೆ. ಅದೇ ರಚನೆ. ಈ ಗಾಜಿನ ಮೇಲೆ ಸಾಲುಸಾಲಾಗಿ ರಂಧ್ರಗಳು, ಗೆರೆಗಳು, ಹಲವು ಕುಲಗಳಲ್ಲಿ ಉದ್ದಕ್ಕೂ ಸೀಳಿದಂತೆ ಒಂದು ಕಿರುಗಂಡಿ. ಹಳೇಬೀಡಿನ ಜಾಲಂಧ್ರಗಳನ್ನು ಕಂಡವರಿಗೆ ಈ ಕೆತ್ತನೆಯ ಕಲ್ಪನೆ ಸುಲಭವಾಗಿ ಬಂದೀತು. ಅಳತೆ ಮಾತ್ರ ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ಸಾಮಾನ್ಯವಾಗಿ ಒಂದು ಮಿಲಿಮೀಟರಿನ ನೂರನೆಯ ಭಾಗದಿಂದ ಹತ್ತನೆಯ ಭಾಗದವರೆಗೆ.

ಚಿಪ್ಪನ್ನು ಓದಬೇಕಾದರೆ ಒಳಗಿನ ಜೀವದ್ರವ್ಯವನ್ನು ಸುಟ್ಟುಹಾಕಬೇಕು. ಹರಿಯುವ ನೀರಿನ ಕಲ್ಲನ್ನು ಎತ್ತಿ, ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ, ತೊಳೆದ ನೀರನ್ನು ಸೀಸೆಗೆ ತುಂಬುತ್ತಾರೆ. ಪ್ರಯೋಗಶಾಲೆಯಲ್ಲಿ ಅದನ್ನು ಆಮ್ಲದಲ್ಲಿ ಕಾಯಿಸುತ್ತಾರೆ. ಮಾಂಸಲವಾದದ್ದೆಲ್ಲ ಹೋಗಿ ಗಾಜು ಉಳಿಯುತ್ತದೆ. ಆಮ್ಲದ ಸುಳಿವೂ ಇಲ್ಲದಂತೆ ಮತ್ತೆ ಮತ್ತೆ ಭಟ್ಟಿನೀರಿನಲ್ಲಿ ತೊಳೆದು, ಒಂದು ಹನಿಯನ್ನು ತೆಳುಗಾಜಿನ ಮೇಲೆ ಒಣಗಿಸಿ, ನಾಫ್ರಾಕ್ಸ್ ಎಂಬ ವಿಶೇಷ ರಾಳದಲ್ಲಿ ಕೂರಿಸುತ್ತಾರೆ. ಸಾಮಾನ್ಯ ರಾಳದಲ್ಲಿ ಈ ಗಾಜು ನೀರಿನಲ್ಲಿ ಮುಳುಗಿದ ಗಾಜಿನಂತೆಯೇ ಕಣ್ಮರೆಯಾದೀತು. ಆಮೇಲೆ ಸಾವಿರ ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕದಡಿ ಎಣಿಕೆ: ಉದ್ದ ಎಷ್ಟು, ಅಗಲ ಎಷ್ಟು, ಮಿಲಿಮೀಟರಿನ ನೂರನೆಯ ಭಾಗದಲ್ಲಿ ಗೆರೆ ಎಷ್ಟು. ಪೇಲಿಯಾದಂಥದರಲ್ಲಿ ಅಷ್ಟರೊಳಗೆ ಮೂವತ್ತಕ್ಕೂ ಹೆಚ್ಚು ಗೆರೆಗಳು. ಬೆಳಕಿನ ಅಲೆಯೇ ಇಷ್ಟು ದಪ್ಪವಾಗಿರುವಾಗ ಅಷ್ಟು ಒತ್ತಾದ ಗೆರೆಗಳನ್ನು ಬಿಡಿಸಿ ತೋರಿಸಲು ಬೆಳಕಿನ ಸೂಕ್ಷ್ಮದರ್ಶಕಕ್ಕೆ ಸಾಧ್ಯವಾಗುವುದು ಕಷ್ಟದಿಂದ. ರಂಧ್ರದ ಬಾಯಿ ದುಂಡಗೋ ಸೀಳೋ ಎಂದು ತಿಳಿಯಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೇ ಬೇಕು. ನನ್ನ ಮೇಜಿನ ಮೇಲಿದ್ದ ಹಳೆಯ ಯಂತ್ರದಲ್ಲಿ ಆ ಗೆರೆಗಳು ಕಾಣಿಸುತ್ತಲೇ ಇರಲಿಲ್ಲ. ಕಾಣದಿದ್ದದ್ದನ್ನು ಕೈಪಿಡಿಯ ಚಿತ್ರದಿಂದ ತುಂಬಿಕೊಂಡಿದ್ದೆನೆಂದು ಈಗ ಅನ್ನಿಸುತ್ತದೆ.

ಗೆರೆಗಳೆಲ್ಲ ಕಂಡರೂ ರೂಪ ಮೋಸ ಮಾಡುವುದುಂಟು. ಭರಣಿಯ ಹೋಲಿಕೆಯನ್ನೇ ಮುಂದುವರಿಸೋಣ. ಡಯಾಟಮ್ ಒಡೆದು ಎರಡಾಗುವಾಗ ಒಂದು ಮರಿಗೆ ಮುಚ್ಚಳವೂ ಇನ್ನೊಂದಕ್ಕೆ ಬುಡವೂ ಪಿತ್ರಾರ್ಜಿತವಾಗಿ ಬರುತ್ತವೆ. ಎರಡೂ ತಮಗೆ ದೊರೆತ ಭಾಗವನ್ನು ಮುಚ್ಚಳವೆಂದೇ ತಿಳಿದು ಅದರೊಳಗೆ ಹಿಡಿಸುವಂಥ ಹೊಸ ಬುಡವನ್ನು ಕಟ್ಟಿಕೊಳ್ಳುತ್ತವೆ. ಮುಚ್ಚಳ ಪಡೆದದ್ದು ತಾಯಿಯಷ್ಟೇ ದೊಡ್ಡದಾಗುತ್ತದೆ. ಬುಡ ಪಡೆದದ್ದು ಕೊಂಚ ಚಿಕ್ಕದಾಗುತ್ತದೆ. ಹೀಗೆ ತಲೆಮಾರಿನಿಂದ ತಲೆಮಾರಿಗೆ ಸಂಸಾರದ ಸರಾಸರಿ ಗಾತ್ರ ಕುಗ್ಗುತ್ತ ಬರುತ್ತದೆ. ತೀರ ಕುಗ್ಗಿದಾಗ ಎರಡು ಕೋಶಗಳು ಕೂಡಿ, ಗಾಜಿನ ಕಟ್ಟುಪಾಡಿಲ್ಲದ ಒಂದು ಹಿಗ್ಗುಕೋಶ ಹುಟ್ಟಿ, ಮತ್ತೆ ಮೊದಲಿನ ದೊಡ್ಡ ಗಾತ್ರ ಬರುತ್ತದೆ. ಕುಗ್ಗುವಾಗ ಅಳತೆಯೊಂದಿಗೆ ಆಕಾರವೂ ಬದಲಾಗುತ್ತದೆ. ನೀಳವಾಗಿ ತುದಿ ಗುಂಡಾಗಿದ್ದದ್ದು ಮೊಮ್ಮಕ್ಕಳ ಕಾಲಕ್ಕೆ ಮೊಂಡಾಗಿ, ಕೆಲವೊಮ್ಮೆ ಬೀಜದಂತೆ ಅಂಡಾಕಾರವಾಗಿ ಕಾಣುತ್ತದೆ. ತಾತ, ಮೊಮ್ಮಗ ಇಬ್ಬರನ್ನೂ ನೋಡಿ ಎರಡು ಪ್ರಭೇದವೆಂದು ಹೆಸರಿಟ್ಟುಬಿಡುವ ಅಪಾಯ ಇಲ್ಲಿದೆ. ಹಾಗೆಯೇ ಬೇರೆ ಬೇರೆ ಮನೆತನಗಳ ಮೊಮ್ಮಕ್ಕಳು ಒಂದೇ ರೀತಿ ಕಂಡು ಒಂದೇ ಎನಿಸಿಬಿಡುವುದೂ ಉಂಟು. ಆದ್ದರಿಂದ ಒಂದು ಚಿಪ್ಪನ್ನು ಕಂಡು ತೀರ್ಪು ಕೊಡುವವನು ಅವಸರದವನು. ಹಿರಿದರಿಂದ ಕಿರಿದರವರೆಗೆ ಇಡೀ ಸಂತತಿಯನ್ನು ಸಾಲಾಗಿ ಜೋಡಿಸಿ ನೋಡಬೇಕು.

ಎಡಿನ್‌ಬರೊ ನಗರದಲ್ಲಿ ಬ್ಲ್ಯಾಕ್‌ಫರ್ಡ್ ಎಂಬ ಒಂದು ಸಾಧಾರಣ ಕೊಳವಿದೆ. ಬಾತುಕೋಳಿಗಳಿಗೆ ಬ್ರೆಡ್ಡು ಹಾಕಲು ಮಕ್ಕಳು ಹೋಗುವಂಥದು. ಅಲ್ಲಿನ ಡಯಾಟಮ್‌ಗಳಲ್ಲಿ ಒಂದನ್ನು ಎಲ್ಲರೂ ಸೆಲಾಫೋರ ಪ್ಯುಪುಲ ಎಂದು ಕರೆಯುತ್ತಿದ್ದರು. ಕ್ಯೂಟ್‌ಜಿಂಗ್ ಎಂಬ ಜರ್ಮನ್ ವಿದ್ವಾಂಸ 1844ರಲ್ಲಿ ವಿವರಿಸಿದ್ದ ಜೀವಿ ಅದು. ಡೇವಿಡ್ ಮ್ಯಾನ್ ಎಂಬ ವಿಜ್ಞಾನಿ ಆ ಒಂದೇ ಕೊಳವನ್ನು ವರ್ಷಗಟ್ಟಲೆ ನೋಡಿದರು. ಅಲ್ಲಿ ಪ್ಯುಪುಲ ಒಂದಲ್ಲ, ಹಲವು ಬಗೆ. ಒಂದೇ ನೀರಿನಲ್ಲಿ ಒಟ್ಟಿಗೆ ಬದುಕಿದ್ದರೂ ನಡುವಿನ ರೂಪಗಳಿಲ್ಲ. ಪ್ರಯೋಗಶಾಲೆಯಲ್ಲಿ ಬೆಳೆಸಿದಾಗ ಆಯಾ ಬಗೆ ತನ್ನವರೊಂದಿಗೆ ಕೂಡುತ್ತಿತ್ತು, ಪಕ್ಕದ ಬಗೆಯೊಂದಿಗೆ ಕೂಡುತ್ತಿರಲಿಲ್ಲ. 2004ರಲ್ಲಿ ಮ್ಯಾನ್ ಮತ್ತು ಸಂಗಡಿಗರು ಅವುಗಳಲ್ಲಿ ಐದನ್ನು ಹೊಸ ಪ್ರಭೇದಗಳೆಂದು ಪ್ರಕಟಿಸಿದರು. ಒಂದಕ್ಕೆ ಕೊಳದ ಹೆಸರು. ಇನ್ನೊಂದಕ್ಕೆ ಎಡಿನ್‌ಬರೊದ ಜನ ತಮ್ಮ ಹೊಗೆ ತುಂಬಿದ ಹಳೆಯ ಊರಿಗೆ ಪ್ರೀತಿಯಿಂದ ಇಟ್ಟಿದ್ದ ಅಡ್ಡಹೆಸರು. ನಾಗಮಂಗಲದ ಕಡೆಯಿಂದ ಹರಿದು, ಪಾಂಡವಪುರದ ಸೀಮೆ ದಾಟಿ, ಕರಿಘಟ್ಟದ ಬುಡದಲ್ಲಿ ಕಾವೇರಿಯನ್ನು ಸೇರುವ ಒಂದು ಪುಟ್ಟ ಹೊಳೆ ನಮ್ಮಲ್ಲಿದೆ. ಲೋಕಪಾವನಿ ಎಂಬ ಅದರ ಹೆಸರು ಒಂದು ಡಯಾಟಮ್ಮಿಗೆ ಎಷ್ಟು ಚೆನ್ನಾಗಿ ಒಪ್ಪೀತೆಂದು ನಾನು ಆಸೆಪಟ್ಟದ್ದುಂಟು. ಅದಕ್ಕೆ ಮೊದಲು ಯಾರಾದರೂ ಕರಿಘಟ್ಟದಲ್ಲಿ ವರ್ಷಗಟ್ಟಲೆ ಕುಳಿತು ನೋಡಬೇಕಷ್ಟೆ.

ಎಡಿನ್‌ಬರೊದ ಕಥೆಗೆ ಎರಡನೆಯ ಸಾಕ್ಷಿ ಬಂದದ್ದು ವಂಶವಾಹಿಗಳಿಂದ. ಈ ವಿಧಾನದಲ್ಲಿ ಚಿಪ್ಪನ್ನು ಸುಡುವುದಿಲ್ಲ, ಜೀವವನ್ನು ಉಳಿಸಿಕೊಳ್ಳುತ್ತಾರೆ. ಕಾಯಿಸಿ ಎಳೆದ ಕೂದಲೆಳೆಯಂಥ ಗಾಜಿನ ನಳಿಕೆಯಿಂದ ಒಂದೇ ಒಂದು ಕೋಶವನ್ನು ಹೀರಿ ತೆಗೆದು, ಹಲವು ಬಾರಿ ಶುದ್ಧ ನೀರಿನಲ್ಲಿ ತೊಳೆದು, ಸಿಲಿಕಾ ಬೆರೆಸಿದ ಪೋಷಕ ದ್ರವದಲ್ಲಿ ಬೆಳಕಿನೆದುರು ಇಡುತ್ತಾರೆ. ಅದು ಬದುಕಿದರೆ, ಎಷ್ಟೋ ಸಲ ಬದುಕುವುದಿಲ್ಲ, ಕೆಲವು ವಾರಗಳಲ್ಲಿ ಒಂದೇ ತಾಯಿಯ ಲಕ್ಷಾಂತರ ಮಕ್ಕಳು ದೊರೆಯುತ್ತವೆ. ಅವುಗಳಲ್ಲಿ ಒಂದು ಪಾಲನ್ನು ಆಮ್ಲಕ್ಕೆ ಹಾಕಿ ಚಿಪ್ಪನ್ನು ಓದುತ್ತಾರೆ. ಇನ್ನೊಂದು ಪಾಲಿನಿಂದ ಡಿ.ಎನ್.ಎ. ತೆಗೆದು, ಬೇಕಾದ ಭಾಗವನ್ನು ಮಾತ್ರ ಕೋಟ್ಯಂತರ ನಕಲು ಮಾಡಿಸಿ, ಅಕ್ಷರ ಅಕ್ಷರವಾಗಿ ಓದಿಸುತ್ತಾರೆ. ಹೆಚ್ಚಾಗಿ ಓದುವುದು ಆರ್‌ಬಿಸಿಎಲ್ ಎಂಬ ವಂಶವಾಹಿಯನ್ನು. ಗಾಳಿಯ ಇಂಗಾಲವನ್ನು ಹಿಡಿದು ಸಕ್ಕರೆಯತ್ತ ಒಯ್ಯುವ ಕಿಣ್ವದ ಮುಖ್ಯ ಭಾಗಕ್ಕೆ ಅದೇ ಪಾಠ. ಸುಮಾರು 1,400 ಅಕ್ಷರಗಳ ಈ ಪಾಠ ಎಲ್ಲ ಡಯಾಟಮ್‌ಗಳಲ್ಲಿಯೂ ಇದೆ. ಅಲ್ಲಲ್ಲಿ ಅಕ್ಷರ ಬದಲಾಗಿದೆ. ಹಳೆಗನ್ನಡ ಕಾವ್ಯದ ಓಲೆಪ್ರತಿಗಳನ್ನು ಹೋಲಿಸುವ ಸಂಪಾದಕರ ಕೆಲಸ ನಿಮಗೆ ಗೊತ್ತು. ಒಂದೇ ತಪ್ಪು ಎರಡು ಪ್ರತಿಗಳಲ್ಲಿದ್ದರೆ ಎರಡಕ್ಕೂ ಒಂದೇ ಮಾತೃಪ್ರತಿ ಎಂದು ಅವರು ಊಹಿಸುತ್ತಾರೆ. ವಂಶವೃಕ್ಷ ಬರೆಯುವ ಜೀವಿವಿಜ್ಞಾನಿ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. 2007ರಲ್ಲಿ ಸೆಲಾಫೋರದ ಬಗೆಗಳ ನಾಲ್ಕು ವಂಶವಾಹಿ ಭಾಗಗಳನ್ನು ಹೀಗೆ ಓದಿ ಹೋಲಿಸಲಾಯಿತು. ಒಂದು ಭಾಗ ಬಲು ನಿಧಾನವಾಗಿ ಬದಲಾಗುವಂಥದಾದ್ದರಿಂದ ಸಮೀಪದ ನೆಂಟರನ್ನು ಬಿಡಿಸಿ ಹೇಳಲು ಒದಗಲಿಲ್ಲ. ವೇಗವಾಗಿ ಬದಲಾಗುವ ಭಾಗಗಳು ಕಣ್ಣು ಕಂಡ ಭೇದವನ್ನು ಎತ್ತಿಹಿಡಿದವು.

ಎಲ್ಲ ಕಡೆಯೂ ಸಾಕ್ಷಿಗಳು ಹೀಗೆ ಒಪ್ಪುವುದಿಲ್ಲ. ನನ್ನ ಪೇಲಿಯಾದ ಕಥೆ ಬೇರೆ. ರೋಸಾ ಟ್ರೊಬಾಹೊ, ಮ್ಯಾನ್ ಮೊದಲಾದವರು 2009 ಮತ್ತು 2010ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಹಲವು ದೇಶಗಳಿಂದ ತಂದು ಬೆಳೆಸಿದ ಪೇಲಿಯಾಗಳ ವಂಶವಾಹಿಗಳು ಬೇರೆ ಬೇರೆ ಕವಲುಗಳಾಗಿ ಒಡೆದವು. ಕೆಲವು ಒಂದರೊಡನೊಂದು ಕೂಡಲೂ ಒಲ್ಲವು. ಆದರೆ ಚಿಪ್ಪಿನ ಅಳತೆಗಳು ಒಂದರ ಮೇಲೊಂದು ಬೀಳುತ್ತಿದ್ದುದರಿಂದ ಸೂಕ್ಷ್ಮದರ್ಶಕದಲ್ಲಿ ಅವುಗಳನ್ನು ಬೇರ್ಪಡಿಸುವುದು ದುಸ್ತರ. ಅಂದಮೇಲೆ "ಪೇಲಿಯಾ ಇದ್ದರೆ ನೀರು ಕೆಟ್ಟಿದೆ" ಎಂಬ ಸೂತ್ರದಲ್ಲಿ ಕೆಟ್ಟ ನೀರನ್ನು ಸಹಿಸುವುದು ಯಾವ ಪೇಲಿಯಾ? ನಾಗಮಂಗಲದ ತಾತನ ಪ್ರಶ್ನೆ ಇದೇ ಆಗಿತ್ತೆಂದು ನನಗೆ ಈಗ ತೋರುತ್ತದೆ. 2012ರಲ್ಲಿ ನಮ್ಮ ಪರ್ಯಾಯದ್ವೀಪದ ಆಳವಿಲ್ಲದ ಕೆರೆಗಳಿಂದಲೇ ನಿಟ್ಜ್‌ಶಿಯಾ ಕುಲದ ಎರಡು ಹೊಸ ಪ್ರಭೇದಗಳನ್ನು ಪ್ರಕಟಿಸಲಾಯಿತು. ಆ ಸುದ್ದಿ ಓದಿದ ದಿನ ನನ್ನ ಹಳೆಯ ದಾಖಲೆ ಪುಸ್ತಕವನ್ನು ತೆರೆಯಲು ಕೈ ಹಿಂಜರಿಯಿತು.

ವಂಶವಾಹಿಯ ಓದು ಬಂದ ಮೇಲೆ ಕಷ್ಟ ಕಳೆಯಿತೆಂದು ತಿಳಿಯುವವರಿದ್ದಾರೆ. ನೀರನ್ನು ಯಂತ್ರಕ್ಕೆ ಸುರಿದರೆ ಹೆಸರು ಉದುರುತ್ತದೆಂಬ ಭಾವನೆ. ನನಗೆ ಅಷ್ಟು ನಂಬಿಕೆಯಿಲ್ಲ. ಓದಿದ ಅಕ್ಷರಗಳನ್ನು ಹೋಲಿಸಲು ಒಂದು ಭಂಡಾರ ಬೇಕು. ಭಂಡಾರದಲ್ಲಿ ಯೂರೋಪಿನ ಹೊಳೆಗಳ ಪಾಠಗಳೇ ತುಂಬಿ ನಮ್ಮ ಹೊಳೆಗಳವು ವಿರಳವಾಗಿದ್ದರೆ, ಯಂತ್ರವೂ "ಇದಕ್ಕೆ ಅತ್ಯಂತ ಸಮೀಪದ್ದು ಇಂಥದು" ಎಂದು ಅಲ್ಲಿನ ಹೆಸರನ್ನೇ ಕೊಡುತ್ತದೆ. ಕೈಪಿಡಿಯ ಚಿತ್ರವನ್ನು ನಂಬಿ ನಾನು ಮಾಡಿದ ತಪ್ಪನ್ನು ಅದು ಇನ್ನಷ್ಟು ಬೇಗ ಮಾಡುತ್ತದೆ, ಅಷ್ಟೆ. ಎಷ್ಟು ಅಕ್ಷರ ಬದಲಾದರೆ ಹೊಸ ಪ್ರಭೇದ ಎಂಬುದಕ್ಕೆ ಎಲ್ಲ ಕುಲಗಳಿಗೂ ಅನ್ವಯಿಸುವ ಒಂದು ಗೆರೆಯಿಲ್ಲ. ಅಕ್ಷರ, ಚಿಪ್ಪು, ವಾಸದ ನೀರು, ಸಾಧ್ಯವಾದರೆ ಕೂಡುವಿಕೆ, ಇವುಗಳೆಲ್ಲ ಒಂದೇ ಕಡೆ ಬೆರಳು ತೋರಿಸಿದಾಗ ವಿಜ್ಞಾನಿ ಧೈರ್ಯಪಡುತ್ತಾನೆ.

ಹೊಸದೆಂದು ಸಾಧಿಸುವುದರಲ್ಲಿ ಅರ್ಧ ಕೆಲಸ ಹಳೆಯದು ಯಾವುದೆಂದು ತಿಳಿಯುವುದು. ಶೈವಲ, ಶಿಲೀಂಧ್ರ, ಸಸ್ಯಗಳ ನಾಮಕರಣಕ್ಕೆ ಒಂದು ಅಂತರರಾಷ್ಟ್ರೀಯ ಸಂಹಿತೆಯಿದೆ. 2011ರ ಕೊನೆಯವರೆಗೂ ಹೊಸ ಹೆಸರಿಗೆ ಲ್ಯಾಟಿನ್ ವಿವರಣೆ ಬೇಕಿತ್ತು. 2012ರಿಂದ ಇಂಗ್ಲಿಷಾದರೂ ಸಾಕು. ಡಿ.ಎನ್.ಎ.ಯನ್ನು ಆ ಸಂಹಿತೆ ಕೇಳುವುದಿಲ್ಲ. ಕೇಳುವುದು ಮೂಲಮಾದರಿಯನ್ನು: ಈ ಹೆಸರು ಈ ವಸ್ತುವಿಗೆ ಸೇರಿದ್ದು ಎಂದು ತೋರಿಸಲು ಸಂಗ್ರಹಾಲಯದಲ್ಲಿ ಕಾದಿಟ್ಟ ಗಾಜುಫಲಕವನ್ನು. ತೊಡಕು ಹುಟ್ಟುವುದು ಇಲ್ಲಿಯೇ. ಹಳೆಯ ಫಲಕಗಳಲ್ಲಿರುವುದು ಆಮ್ಲದಲ್ಲಿ ಬೆಂದ ಚಿಪ್ಪು. ಅದರಲ್ಲಿ ಓದಲು ವಂಶವಾಹಿಯ ಒಂದು ಅಕ್ಷರವೂ ಉಳಿದಿಲ್ಲ. ಹಳೆಯ ಹೆಸರಿಗೂ ಇಂದಿನ ಅಕ್ಷರಪಾಠಕ್ಕೂ ಸೇತುವೆ ಕಟ್ಟಬೇಕಾದರೆ, ಮೂಲಮಾದರಿ ದೊರೆತ ಅದೇ ಹೊಳೆಗೆ, ಅದೇ ಕಲ್ಲಿಗೆ ಮರಳಬೇಕು.

ಕನ್ನಡನಾಡಿನಲ್ಲಿ ಅಂಥ ಕಲ್ಲುಗಳನ್ನು ಮೊದಲು ಶ್ರದ್ಧೆಯಿಂದ ಉಜ್ಜಿದವರಲ್ಲಿ ಎಚ್. ಪಿ. ಗಾಂಧಿಯವರ ಹೆಸರು ದೊಡ್ಡದು. ಹೇಮೇಂದ್ರಕುಮಾರ ಪೃಥ್ವಿರಾಜ ಗಾಂಧಿಯವರು ಭಾರತದ ಸಿಹಿನೀರಿನ ಡಯಾಟಮ್ ವಿಜ್ಞಾನಕ್ಕೆ ತಳಹದಿ ಹಾಕಿದವರು. ಕೊಲ್ಲಾಪುರದ ಸುತ್ತಿನ ನೀರುಗಳನ್ನು ಪರಿಶೀಲಿಸಿದ ಅವರು ಅಂದಿನ ಮೈಸೂರು ರಾಜ್ಯದ ಹಿರೇಭಾಸ್ಕರ ಅಣೆಕಟ್ಟಿನ ಪ್ರದೇಶ, ಸಾಗರ, ಜೋಗ ಜಲಪಾತ ಇವುಗಳ ಡಯಾಟಮ್‌ಗಳನ್ನು 1950 ಮತ್ತು 60ರ ದಶಕಗಳಲ್ಲಿ ಒಂದಾದ ಮೇಲೊಂದು ಪ್ರಬಂಧದಲ್ಲಿ ಪ್ರಕಟಿಸಿದರು. ಜೋಗದ ಪ್ರಬಂಧ ಬಂದದ್ದು 1966ರಲ್ಲಿ. ಕೈಯಿಂದ ಬರೆದ ರೇಖಾಚಿತ್ರಗಳು. ಗೆರೆ ಎಣಿಸಿದ ತಾಳ್ಮೆ. ಯೂರೋಪಿನ ಹೆಸರಿಗೆ ಒಪ್ಪದ್ದನ್ನು ಒಪ್ಪದೆಂದು ಹೇಳುವ ನಿಷ್ಠುರತೆ. ನನಗಿಲ್ಲದೆ ಹೋದದ್ದು ಆ ಕೊನೆಯ ಗುಣ.

ಗಾಂಧಿಯವರ ಕಲ್ಲುಗಳಿಗೆ ಇಂದು ಮರಳಲು ಸಾಧ್ಯವೇ? 1964ರಲ್ಲಿ ಲಿಂಗನಮಕ್ಕಿ ಪೂರ್ಣಗೊಂಡಾಗ ಹಿರೇಭಾಸ್ಕರ ಅಣೆಕಟ್ಟೇ ಅದರ ಹಿನ್ನೀರಿನಲ್ಲಿ ಮುಳುಗಿತು. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಮಾತ್ರ ಅದು ತಲೆಯೆತ್ತುತ್ತದೆ. ಹರಿಯುವ ಶರಾವತಿಯ ಕಲ್ಲಿನ ಮೇಲೆ ಬೆಳೆದ ಜೀವಿ ನಿಂತ ನೀರಿನ ಆಳದಲ್ಲಿ, ಬೆಳಕಿಲ್ಲದ ಕಡೆ, ಬದುಕಬಲ್ಲದೇ? ನಮ್ಮ ಕಡೆಯವರಿಗೆ ಈ ಸಂಗತಿ ಹೊಸದಲ್ಲ. ಕೃಷ್ಣರಾಜಸಾಗರ ತುಂಬಿದಾಗ ಕಣ್ಣಂಬಾಡಿ ಮುಳುಗಿತು; ಜನ ಹೊಸ ಕಣ್ಣಂಬಾಡಿ ಕಟ್ಟಿಕೊಂಡರು; ವೇಣುಗೋಪಾಲಸ್ವಾಮಿಯ ದೇಗುಲವನ್ನೂ ಬಹುಕಾಲದ ನಂತರ ಕಲ್ಲು ಕಲ್ಲಾಗಿ ಬಿಚ್ಚಿ ದಡದಲ್ಲಿ ಮರಳಿ ಕಟ್ಟಿದರು. ಹೇಮಾವತಿ ಕಾವೇರಿಯನ್ನು ಸೇರುತ್ತಿದ್ದ ಹಳೆಯ ಪಾತ್ರದ ಕಲ್ಲುಗಳ ಮೇಲೆ ಏನೇನಿತ್ತೋ ಅದನ್ನು ಮಾತ್ರ ಯಾರೂ ಎತ್ತಿ ದಡಕ್ಕೆ ತರಲಿಲ್ಲ. ಅಣೆಕಟ್ಟು ಬೇಡವಿತ್ತೆಂದು ನಾನು ಹೇಳುತ್ತಿಲ್ಲ; ಆ ನೀರಿನ ಅನ್ನ ಉಂಡವನೇ ನಾನು. ಕಟ್ಟುವ ಮೊದಲು ಒಂದು ಸೀಸೆ ತುಂಬಿಟ್ಟುಕೊಳ್ಳಬಹುದಾಗಿತ್ತು.

ಉಳಿದ ಕಡೆ ಕೆಲಸ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಶ್ಚಿಮಘಟ್ಟದ ಹೊಳೆಗಳ ಡಯಾಟಮ್‌ಗಳನ್ನು ಅಧ್ಯಯನ ಮಾಡಿದ ಬಿ. ಕಾರ್ತಿಕ್ ಅವರೂ ಅಮೆರಿಕದ ಪ್ಯಾಟ್ರಿಕ್ ಕೊಚಿಯೊಲೆಕ್ ಅವರೂ 2012ರಲ್ಲಿ, ಗಾಂಧಿಯವರು ಕೊಲ್ಲಾಪುರದಿಂದ ವರದಿ ಮಾಡಿದ್ದ ಗಾಂಫೊನೀಮ ಕುಲದ ಪ್ರಭೇದಗಳನ್ನು ಮರುಪರಿಶೀಲಿಸಿ, ಮೂಲಮಾದರಿಗಳನ್ನು ನಿಗದಿ ಮಾಡಿದರು. ಗಾಂಫೊನೀಮ ಗಾಂಧಿಯೈ ಎಂಬ ಹೆಸರು ಆ ಹಿರಿಯರ ನೆನಪಿಗೆ ಇಟ್ಟದ್ದು. 2024ರಲ್ಲಿ ಪುಣೆಯ ಅಗರ್ಕರ್ ಸಂಶೋಧನ ಸಂಸ್ಥೆಯ ತಂಡ ಪೂರ್ವಘಟ್ಟದ ಒಂದು ತಿಳಿನೀರಿನ ನದಿಯಿಂದ ಒಂದು ಹೊಸ ಕುಲವನ್ನೇ ವರದಿ ಮಾಡಿತು. ಅದಕ್ಕೆ ಇಟ್ಟ ಹೆಸರು ಇಂಡಿಕೊನೀಮ. ಅದರ ನೆಂಟರಲ್ಲಿ ಸೂಕ್ಷ್ಮರಂಧ್ರಗಳ ಗುಂಪು ಪಾದದ ತುದಿಯಲ್ಲಿ ಮಾತ್ರ ಇರುತ್ತದೆ. ಇದರಲ್ಲಿ ತಲೆ, ಪಾದ ಎರಡೂ ಕಡೆ ಇದೆ. ಪಶ್ಚಿಮಘಟ್ಟದಲ್ಲಿಯೂ ಈ ಕುಲದ ಇನ್ನೊಂದು ಪ್ರಭೇದ ಉಂಟು. ರೂಪಸಾಮ್ಯದಿಂದ ನೋಡಿದರೆ ಇದರ ಹತ್ತಿರದ ಬಂಧು ಪೂರ್ವ ಆಫ್ರಿಕದ ಆಫ್ರೊಸಿಂಬೆಲ್ಲ ಎಂಬ ಕುಲವೆಂದು ಅವರ ಅಭಿಪ್ರಾಯ. ಒಂದೂರಿನ ಹೊಳೆಗಲ್ಲನ್ನು ಉಜ್ಜಿದರೆ ಸಮುದ್ರದಾಚೆಯ ನೆಂಟಸ್ತನ ಹೊರಬೀಳುತ್ತದೆ.

ನಾಗಮಂಗಲದ ಆ ಕೊಳಕ್ಕೆ ಕಳೆದ ಆಶ್ವಯುಜ ಮಾಸದಲ್ಲಿ ಮತ್ತೆ ಹೋಗಿದ್ದೆ. ತಾತ ಈಗಿಲ್ಲ. ಸುತ್ತ ಕೊಳವೆಬಾವಿಗಳು ಬಂದಿವೆ. ಕೊಳದಲ್ಲಿ ನೀರು ನಿಲ್ಲುವುದು ಮಳೆಗಾಲದ ಬೆನ್ನಿಗೆ ಎರಡು ಮೂರು ತಿಂಗಳು. ಹುಡುಗ ಈಗ ಊರಿನಲ್ಲಿಯೇ ಬೇಸಾಯ ಮಾಡುತ್ತಾನೆ; ಮೆಟ್ಟಿಲಿಳಿದು ನನಗೆ ಕೈ ಕೊಟ್ಟವನು ಅವನೇ. ಒಂದು ಕಲ್ಲನ್ನು ಉಜ್ಜಿ ಎರಡು ಸೀಸೆ ತುಂಬಿದೆವು. ಒಂದರಲ್ಲಿ ಆಲ್ಕೊಹಾಲು ಬೆರೆಸಿದೆ, ಚಿಪ್ಪಿಗಾಗಿ. ಇನ್ನೊಂದನ್ನು ಹಾಗೆಯೇ ಮಂಜುಗಡ್ಡೆಯ ಡಬ್ಬಿಯಲ್ಲಿಟ್ಟು, ಕೋಶ ಬೆಳೆಸುವ ಅನುಕೂಲವಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬರಿಗೆ ಅದೇ ಸಂಜೆ ತಲುಪಿಸಿದೆ. ಮನೆಗೆ ಬಂದು ಹಳೆಯ ದಾಖಲೆ ಪುಸ್ತಕ ತೆರೆದು, "ಪೇಲಿಯಾ" ಎಂಬ ಮಾತಿನ ಮೇಲೆ ಗೆರೆ ಎಳೆದೆ, "ಕಲುಷಿತ" ಎಂಬುದರ ಮೇಲೂ ಎಳೆದೆ. ನಿಟ್ಜ್‌ಶಿಯಾ ಎಂಬುದನ್ನು ಉಳಿಸಿ ಅದರ ಮುಂದೆ ಒಂದು ಪದ ಹಿಡಿಯುವಷ್ಟು ಜಾಗ ಬಿಟ್ಟಿದ್ದೇನೆ.